ಮೊದಲು ಗೆರೆ, ಆಮೇಲೆ ಚುಕ್ಕೆ

ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹಿಡಿದು ಔಷಧಿ ಅಂಗಡಿಯ ಮುಂದೆ ನಿಲ್ಲುವ ನಾವು ನಿಜವಾಗಿ ನಂಬುವುದು ಯಾರನ್ನು? ವೈದ್ಯರನ್ನು ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಆ ವೈದ್ಯರೂ ಇನ್ನೊಬ್ಬರನ್ನು ನಂಬಿಯೇ ಚೀಟಿ ಬರೆದಿರುತ್ತಾರೆ. ಎಲ್ಲಿಯೋ ದೂರದ ಊರಿನ ಆಸ್ಪತ್ರೆಯಲ್ಲಿ ಹಲ್ಲುನೋವೋ ಸೊಂಟನೋವೋ ಇದ್ದ ಕೆಲವು ನೂರು ಜನರ ಮೇಲೆ ಯಾರೋ ಪ್ರಯೋಗ ನಡೆಸಿರುತ್ತಾರೆ. ಇಷ್ಟು ಜನಕ್ಕೆ ಗುಣವಾಯಿತು, ಇಷ್ಟು ಜನಕ್ಕೆ ಆಗಲಿಲ್ಲ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ನಾವು ನುಂಗುವ ಮಾತ್ರೆಯ ಬೇರು ಇರುವುದು ಆ ಪುಸ್ತಕದಲ್ಲಿ. ಆ ಪುಸ್ತಕದಲ್ಲಿ ಸುಳ್ಳು ಬರೆದಿದ್ದರೆ ಏನಾಗುತ್ತದೆ, ಅದನ್ನು ಹಿಡಿಯುವ ಬಗೆ ಯಾವುದು ಎಂಬುದೇ ಈ ದಿನದ ನನ್ನ ವಿಷಯ.

“ಮೇಷ್ಟ್ರೇ, ನಿಮಗೇಕೆ ಈ ವೈದ್ಯಕೀಯದ ಉಸಾಬರಿ?” ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾನು ವೈದ್ಯನಲ್ಲ ಎಂಬುದು ನಿಜ. ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಪ್ರೌಢಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಹೇಳಿಕೊಟ್ಟವನು. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ದಂತವೈದ್ಯರು, ಕೆಲವರು ದಾದಿಯರು, ಇನ್ನು ಕೆಲವರು ಬೆಂಗಳೂರಿನಲ್ಲಿ ಕುಳಿತು ಔಷಧ ಪ್ರಯೋಗಗಳ ಅಂಕಿಅಂಶ ನೋಡಿಕೊಳ್ಳುವವರು. ನನ್ನ ಬಂಧುವರ್ಗದಲ್ಲಂತೂ ಮೊಣಕಾಲು ಒತ್ತಿಕೊಂಡು ಕೂತವರು, ಮೂಳೆಗೆಂದು ವಾರಕ್ಕೊಂದು ಮಾತ್ರೆ ನುಂಗುವವರು, ಹಲ್ಲು ಕೀಳಿಸಿಕೊಳ್ಳಲು ಹೆದರುವವರೇ ತುಂಬಿದ್ದಾರೆ. ಇಬ್ಬರಿಗೂ ಹೇಳಬೇಕಾದ ಮಾತು ಒಂದೇ ಆಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಅದರ ಮೂಲ ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲೇ ಇದೆ.

ಹತ್ತನೆಯ ತರಗತಿಯ ಓಮ್‌ನ ನಿಯಮದ ಪ್ರಯೋಗ ನಿಮಗೆಲ್ಲ ನೆನಪಿರಬೇಕು. ವಿಭವಾಂತರವನ್ನು ಹೆಚ್ಚಿಸುತ್ತ ಹೋದಂತೆ ತಂತಿಯಲ್ಲಿ ವಿದ್ಯುತ್ ಪ್ರವಾಹ ಎಷ್ಟಾಯಿತೆಂದು ಓದಿ ಬರೆದುಕೊಳ್ಳಬೇಕು. ನಕ್ಷೆ ಹಾಳೆಯ ಮೇಲೆ ಚುಕ್ಕೆಗಳನ್ನಿಡಬೇಕು. ಕೊನೆಗೆ ಆ ಚುಕ್ಕೆಗಳ ನಡುವೆ ಹಾಯುವಂತೆ ಒಂದು ಗೆರೆ ಎಳೆಯಬೇಕು. ಆದರೆ ಎಷ್ಟೋ ಸಲ ನಡೆಯುತ್ತಿದ್ದುದೇ ಬೇರೆ. ಗೆರೆ ನೇರವಾಗಿ ಬರುತ್ತದೆಂದು ಪಠ್ಯಪುಸ್ತಕದಲ್ಲಿ ಮೊದಲೇ ಹೇಳಿದೆಯಲ್ಲ! ಆದ್ದರಿಂದ ಜಾಣರು ಮೊದಲು ಅಡಿಪಟ್ಟಿ ಹಿಡಿದು ಗೆರೆ ಎಳೆದುಬಿಡುತ್ತಿದ್ದರು, ಆಮೇಲೆ ಅದರ ಮೇಲೆ ಅಂದವಾಗಿ ಐದು ಚುಕ್ಕೆ ಇಡುತ್ತಿದ್ದರು, ಕೊನೆಗೆ ಚುಕ್ಕೆಗೆ ಹೊಂದುವ ಅಂಕಿಗಳನ್ನು ಕೋಷ್ಟಕದಲ್ಲಿ ತುಂಬುತ್ತಿದ್ದರು. ಮೀಟರಿನ ಮುಳ್ಳು ಎಲ್ಲಿತ್ತೆಂದು ಯಾರೂ ನೋಡುತ್ತಿರಲಿಲ್ಲ.

ಇದು ಹುಡುಗಾಟವೆಂದು ನಗುವವರೇ ಹೆಚ್ಚು. ಮೊದಲು ಗೆರೆ, ಆಮೇಲೆ ಚುಕ್ಕೆ ಎಂಬ ಈ ಅಭ್ಯಾಸವೇ ದೊಡ್ಡವರ ಪ್ರಯೋಗಶಾಲೆಗೆ, ಅದರಲ್ಲೂ ರೋಗಿಗಳ ಮೇಲೆ ನಡೆಯುವ ಪ್ರಯೋಗಗಳಿಗೆ ಕಾಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೂರು ನಿದರ್ಶನಗಳನ್ನು ಹೇಳುತ್ತೇನೆ. ಒಂದು ಬಾಯಿಗೆ ಸಂಬಂಧಿಸಿದ್ದು, ಒಂದು ನೋವಿಗೆ, ಇನ್ನೊಂದು ಮೂಳೆಗೆ.

ಮೊದಲನೆಯದು ನಾರ್ವೆ ದೇಶದ್ದು. 2005ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ಎಂಬ ಜಗತ್ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಓಸ್ಲೋ ನಗರದ ಕ್ಯಾನ್ಸರ್ ಆಸ್ಪತ್ರೆಯ ಯೋನ್ ಸುಡ್ಬೊ ಎಂಬ ಸಂಶೋಧಕರ ಲೇಖನವೊಂದು ಪ್ರಕಟವಾಯಿತು. ಬಹಳ ಕಾಲ ಸಿಗರೇಟು ಸೇದಿದವರ ಪೈಕಿ ಬಾಯಿಯ ಕ್ಯಾನ್ಸರ್ ಆದ 454 ಮಂದಿಯನ್ನೂ ಆಗದ 454 ಮಂದಿಯನ್ನೂ ಹೋಲಿಸಿ ನೋಡಿದ್ದಾಗಿ ಅದರಲ್ಲಿ ಹೇಳಿತ್ತು. ಐಬುಪ್ರೊಫೆನ್‌ನಂತಹ ಸಾಮಾನ್ಯ ನೋವುನಿವಾರಕಗಳನ್ನು ದೀರ್ಘಕಾಲ ತೆಗೆದುಕೊಂಡವರಲ್ಲಿ ಬಾಯಿಯ ಕ್ಯಾನ್ಸರ್ ಕಡಿಮೆ ಎಂಬುದು ಅದರ ಸಾರಾಂಶ. ಅದೇ ವರ್ಷದ ಕ್ರಿಸ್‌ಮಸ್ ರಜೆಯಲ್ಲಿ ನಾರ್ವೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕಮಿಲ್ಲಾ ಸ್ಟೋಲ್ಟೆನ್‌ಬರ್ಗ್ ಎಂಬ ವೈದ್ಯೆ ಈ ಲೇಖನವನ್ನು ಓದಿದರು. ಸುಡ್ಬೊ ತಾವು ಮಾಹಿತಿ ಪಡೆದೆವೆಂದು ಹೇಳಿಕೊಂಡಿದ್ದ ರಾಷ್ಟ್ರೀಯ ಆರೋಗ್ಯ ದತ್ತಾಂಶ ಆ ಹೊತ್ತಿಗೆ ಇನ್ನೂ ಸಂಶೋಧಕರಿಗೆ ತೆರೆದೇ ಇರಲಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಪ್ರಶ್ನೆ ಎದ್ದಿತು. 2006ರ ಜನವರಿಯಲ್ಲಿ ಗುಟ್ಟು ರಟ್ಟಾಯಿತು. ಆ 908 ಜನರೂ ಕಾಲ್ಪನಿಕ ವ್ಯಕ್ತಿಗಳು. ಅವರಲ್ಲಿ 250 ಮಂದಿಯ ಹುಟ್ಟಿದ ದಿನ ಒಂದೇ ಆಗಿತ್ತು!

ಈ ಹುಟ್ಟಿದ ದಿನದ ಮಾತು ನಮ್ಮ ನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಹಳೆಯ ಶಾಲೆಗಳ ದಾಖಲಾತಿ ಪುಸ್ತಕ ತೆರೆದು ನೋಡಿ. ಪುಟಗಟ್ಟಲೆ ಮಕ್ಕಳು ಜೂನ್ 1ರಂದೇ ಹುಟ್ಟಿರುತ್ತಾರೆ. ನಿಮ್ಮ ತಂದೆಯದೋ ಚಿಕ್ಕಪ್ಪನದೋ ಅಂಕಪಟ್ಟಿಯಲ್ಲೂ ಅದೇ ತಾರೀಖು ಇರಬಹುದು. ಊರಿನ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದರೆಂದು ಯಾರಾದರೂ ನಂಬುತ್ತಾರೆಯೇ? ದಿನ ಗೊತ್ತಿಲ್ಲದ ತಂದೆತಾಯಂದಿರು ಮಗುವನ್ನು ಕರೆತಂದು ನಿಲ್ಲಿಸಿದಾಗ, ಎದುರು ಕುಳಿತವರು ಲೇಖನಿ ಹಿಡಿದು ಒಂದು ದಿನವನ್ನು ಬರೆದುಕೊಂಡರೆಂದು ನಮಗೆಲ್ಲ ಗೊತ್ತು. ಶಾಲೆಯ ಪುಸ್ತಕದಲ್ಲಿ ಅದೊಂದು ನಿರುಪದ್ರವಿ ಅನುಕೂಲ. ಕ್ಯಾನ್ಸರ್ ರೋಗಿಗಳ ಪಟ್ಟಿಯಲ್ಲಿ ಅದೇ ಕೆಲಸವನ್ನು ಮಾಡಿದರೆ ಘೋರ ಅಪರಾಧ. ತನಿಖಾ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಆ ಸಂಶೋಧಕರ ಹಲವು ಲೇಖನಗಳನ್ನು ಹಿಂದೆಗೆದುಕೊಳ್ಳಲಾಯಿತು.

ನಮಗೂ ನಾರ್ವೆಗೂ ಏನು ಸಂಬಂಧ ಎನ್ನಬೇಡಿ. ಬಾಯಿಯ ಕ್ಯಾನ್ಸರ್ ನಮ್ಮ ದೇಶದ ಗಂಡಸರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರುಗಳಲ್ಲಿ ಒಂದು. ಹೊಗೆಸೊಪ್ಪು, ಗುಟ್ಕಾ, ಬೀಡಿ ಇವುಗಳ ಕಾಣಿಕೆ ಅದು. ದಿನಕ್ಕೊಂದು ನೋವಿನ ಮಾತ್ರೆ ನುಂಗಿದರೆ ಹೊಗೆಸೊಪ್ಪಿನ ಪಾಪ ಪರಿಹಾರವಾಗುತ್ತದೆಂಬ ಸುದ್ದಿ ಇಂತಹ ದೇಶದಲ್ಲಿ ಹಬ್ಬಿದ್ದರೆ ಗತಿಯೇನು? ಆ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಸುಳ್ಳು ಅಂಕಿಯ ಬೆಲೆಯನ್ನು ಯಾರೋ ಒಬ್ಬರು ಮೈಯಿಂದಲೇ ತೆರಬೇಕಾಗುತ್ತದೆ.

ಎರಡನೆಯದು ಅಮೆರಿಕದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ಸ್ಕಾಟ್ ರೂಬೆನ್ ಎಂಬ ಅರಿವಳಿಕೆ ತಜ್ಞರಿದ್ದರು. ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ತಗ್ಗಿಸುವ ವಿಷಯದಲ್ಲಿ ಅವರ ಮಾತಿಗೆ ಬಹಳ ಬೆಲೆಯಿತ್ತು. ಒಂದೇ ಔಷಧದ ಬದಲು ಎರಡು ಮೂರನ್ನು ಸೇರಿಸಿ ಮೊದಲೇ ಕೊಟ್ಟರೆ ನೋವು ಕಡಿಮೆಯಾಗುತ್ತದೆ ಎಂಬ ಪದ್ಧತಿಗೆ ಬೆಂಬಲವಾಗಿ ಅವರು ಲೇಖನದ ಮೇಲೆ ಲೇಖನ ಬರೆದರು. ಬೆನ್ನುಮೂಳೆಯನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಾದವರಿಗೆ ಕೆಲವು ನೋವುನಿವಾರಕಗಳನ್ನು ಕೊಟ್ಟರೆ ಮೂಳೆ ಕೂಡಿಕೊಳ್ಳುವುದು ತಡವಾಗುತ್ತದೆಯೇ ಎಂಬ ಹಳೆಯ ಆತಂಕವೊಂದಿದೆ. ಅದಕ್ಕೂ ಅವರು ಸಮಾಧಾನ ಹೇಳಿದ್ದರು. 2008ರಲ್ಲಿ ಆಸ್ಪತ್ರೆ ನಡೆಸಿದ ವಾಡಿಕೆಯ ತಪಾಸಣೆಯೊಂದರಲ್ಲಿ, ಅವರ ಎರಡು ಅಧ್ಯಯನಗಳಿಗೆ ಆಸ್ಪತ್ರೆಯ ಪರಿಶೀಲನಾ ಮಂಡಳಿಯ ಒಪ್ಪಿಗೆಯೇ ಇಲ್ಲವೆಂಬುದು ಕಂಡುಬಂತು. ಎಳೆ ಹಿಡಿದು ಎಳೆದರೆ ಇಡೀ ಬಟ್ಟೆಯೇ ಬಿಚ್ಚಿಕೊಂಡಿತು. 2009ರಲ್ಲಿ ಬಹಿರಂಗವಾದಂತೆ, 21 ಲೇಖನಗಳಲ್ಲಿ ಅಂಕಿಅಂಶಗಳನ್ನು ಹುಟ್ಟಿಸಿ ಬರೆಯಲಾಗಿತ್ತು. 2010ರಲ್ಲಿ ನ್ಯಾಯಾಲಯ ಅವರಿಗೆ ಆರು ತಿಂಗಳ ಸೆರೆವಾಸ ವಿಧಿಸಿತು. ಆದರೆ ಅಷ್ಟು ವರ್ಷ ಆ ಬರಹಗಳನ್ನು ನಂಬಿ ನೋವಿನ ಔಷಧ ಬರೆದ ವೈದ್ಯರ, ಅದನ್ನು ನುಂಗಿದ ರೋಗಿಗಳ ಲೆಕ್ಕ ಯಾವ ನ್ಯಾಯಾಲಯಕ್ಕೂ ಸಿಗಲಿಲ್ಲ.

ಮೂರನೆಯದು ಜಪಾನಿನದು, ನನ್ನ ವಯಸ್ಸಿನವರಿಗೆ ಬಹಳ ಹತ್ತಿರದ್ದು. ವಯಸ್ಸಾದವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಎಂತಹ ಗಂಡಾಂತರವೆಂದು ಮನೆಯಲ್ಲಿ ಅಜ್ಜಿಯನ್ನು ನೋಡಿಕೊಂಡವರಿಗೆ ಹೇಳಬೇಕಿಲ್ಲ. ಹಾಗೆ ಬಿದ್ದ ಎಷ್ಟೋ ಜನ ಮತ್ತೆ ಎದ್ದು ಓಡಾಡುವುದಿಲ್ಲ. ಯೋಶಿಹಿರೋ ಸಾಟೋ ಎಂಬ ನರರೋಗ ತಜ್ಞರು ಪಾರ್ಶ್ವವಾಯು, ಪಾರ್ಕಿನ್ಸನ್, ಅಲ್ಝೈಮರ್ ಕಾಯಿಲೆಗಳಿರುವ ವೃದ್ಧರ ಮೇಲೆ ಒಂದಾದ ಮೇಲೊಂದು ಪ್ರಯೋಗ ನಡೆಸಿದ್ದಾಗಿ ಬರೆದರು. ಮೂಳೆ ಗಟ್ಟಿಮಾಡುವ ಔಷಧಗಳು, ಜೀವಸತ್ವಗಳು, ಬಿಸಿಲು ಎಲ್ಲವೂ ಅವರ ಕೈಯಲ್ಲಿ ಅದ್ಭುತವಾಗಿ ಕೆಲಸ ಮಾಡಿದವು. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಲೇಖನದಲ್ಲಿ, ಪಾರ್ಶ್ವವಾಯುವಾದ 628 ಜನರ ಮೇಲೆ ಪ್ರಯೋಗ ನಡೆಸಿ, ಫೋಲೇಟ್ ಮತ್ತು ಬಿ12 ಜೀವಸತ್ವ ಕೊಟ್ಟರೆ ಸೊಂಟದ ಮೂಳೆ ಮುರಿತ ಬಹಳವಾಗಿ ಇಳಿಯುತ್ತದೆಂದು ಹೇಳಿದ್ದರು.

ಇದನ್ನು ಪತ್ತೆ ಹಚ್ಚಿದವರು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಅಲಿಸನ್ ಅವೆನೆಲ್ ಮತ್ತು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದ ಮಾರ್ಕ್ ಬೋಲೆಂಡ್, ಆಂಡ್ರ್ಯೂ ಗ್ರೇ, ಗ್ರೆಗ್ ಗ್ಯಾಂಬಲ್. ಅವರು ಜಪಾನಿಗೆ ಹೋಗಿ ಕಡತಗಳನ್ನು ಕದ್ದು ನೋಡಲಿಲ್ಲ. ಪ್ರಕಟವಾದ ಕೋಷ್ಟಕಗಳನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಆ ಲೆಕ್ಕ ಯಾವುದೆಂದು ನನ್ನ ವಿದ್ಯಾರ್ಥಿಗಳಿಗೆ ಸುಲಭವಾಗಿ ಹೇಳಬಲ್ಲೆ. ಎಂಟನೆಯ ತರಗತಿಗೆ ಸೇರಿದ ನೂರು ಮಕ್ಕಳನ್ನು ಚೀಟಿ ಎತ್ತಿ ‘ಎ’ ಮತ್ತು ‘ಬಿ’ ವಿಭಾಗಗಳಿಗೆ ಹಂಚಿದಿರಿ ಎಂದುಕೊಳ್ಳಿ. ಎರಡೂ ವಿಭಾಗಗಳ ಸರಾಸರಿ ಎತ್ತರ ಹತ್ತಿರ ಹತ್ತಿರ ಇರುತ್ತದೆ, ಆದರೆ ಕರಾರುವಾಕ್ಕಾಗಿ ಒಂದೇ ಆಗಿರುವುದಿಲ್ಲ. ಎತ್ತರದಲ್ಲಿ ಒಂದು ವಿಭಾಗ ತುಸು ಮುಂದಿದ್ದರೆ ತೂಕದಲ್ಲಿ ಇನ್ನೊಂದು, ಗಣಿತದ ಅಂಕದಲ್ಲಿ ಮತ್ತೊಂದು. ಚೀಟಿ ಎತ್ತುವುದೆಂದರೆ ಹಾಗೆಯೇ. ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಎತ್ತರ, ತೂಕ, ವಯಸ್ಸು, ಅಂಕ ಎಲ್ಲದರಲ್ಲೂ ಎರಡು ವಿಭಾಗಗಳು ಅವಳಿಜವಳಿಯಂತೆ ಹೋಲಿದರೆ, ಅದೂ ವರ್ಷ ವರ್ಷವೂ ಹೋಲುತ್ತಲೇ ಇದ್ದರೆ, ಚೀಟಿ ಎತ್ತಿಯೇ ಇಲ್ಲವೆಂದು ತಿಳಿಯಬೇಕು. ಸಾಟೋ ಅವರ 33 ಪ್ರಯೋಗಗಳಲ್ಲಿ ಔಷಧ ಪಡೆದ ಗುಂಪೂ ಪಡೆಯದ ಗುಂಪೂ ನಂಬಲಾಗದಷ್ಟು ಒಂದೇ ತೆರನಾಗಿದ್ದವು. ಈ ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು. ಮರುವರ್ಷ ಸಾಟೋ ತೀರಿಕೊಂಡರು. ಅವರ ನೂರಕ್ಕೂ ಹೆಚ್ಚು ಲೇಖನಗಳನ್ನು ಇದುವರೆಗೆ ಹಿಂದೆಗೆದುಕೊಳ್ಳಲಾಗಿದೆ.

ಓಮ್‌ನ ನಿಯಮದ ನಕ್ಷೆಯಲ್ಲಿ ಐದೂ ಚುಕ್ಕೆಗಳು ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ಗೆರೆಯ ಮೇಲೆ ಕುಳಿತಿದ್ದರೆ, ಅನುಭವಿ ಶಿಕ್ಷಕರು ಮೊದಲು ಅನುಮಾನಿಸುವುದು ಅದನ್ನೇ ಅಲ್ಲವೇ? ಇದೂ ಅದೇ.

“ಎಲ್ಲೋ ಮೂವರು ಮೋಸ ಮಾಡಿದರು, ಸಾವಿರಾರು ಜನ ಪ್ರಾಮಾಣಿಕರಿಲ್ಲವೇ?” ಎಂದು ನೀವು ಕೇಳಿದರೆ, ಇದ್ದಾರೆ ಎಂದೇ ನನ್ನ ಉತ್ತರ. ಆದರೆ ಒಂದು ಹನಿ ಹುಳಿ ಬಿದ್ದರೆ ಕೊಡ ಹಾಲು ಒಡೆಯುತ್ತದೆ. ಇಂದಿನ ವೈದ್ಯಕೀಯದಲ್ಲಿ ಒಂದೊಂದೇ ಪ್ರಯೋಗವನ್ನು ನೋಡಿ ಚಿಕಿತ್ಸೆ ನಿರ್ಧರಿಸುವುದಿಲ್ಲ. ಒಂದೇ ಪ್ರಶ್ನೆಯ ಮೇಲೆ ನಡೆದ ಹತ್ತಾರು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ, ಅದರ ಆಧಾರದ ಮೇಲೆ ತಜ್ಞರು ಮಾರ್ಗಸೂಚಿ ಬರೆಯುತ್ತಾರೆ. ಸಾಟೋ ಅವರ ಲೇಖನಗಳೂ ಹಾಗೆಯೇ ಅನೇಕ ಸಮೀಕ್ಷೆಗಳೊಳಗೆ ಸೇರಿಕೊಂಡಿದ್ದವು. ಪ್ರಾಮಾಣಿಕವಾಗಿ ನಡೆಸಿದ ಪ್ರಯೋಗದ ಫಲಿತಾಂಶ ಸಾಮಾನ್ಯವಾಗಿ ಸಾಧಾರಣವಾಗಿರುತ್ತದೆ. ಸುಳ್ಳು ಪ್ರಯೋಗದ್ದು ಅದ್ಭುತವಾಗಿರುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಗೆಲ್ಲುವುದು ಸುಳ್ಳೇ.

ಸುಳ್ಳು ಎಷ್ಟಿದೆ ಎಂಬುದನ್ನು ತಿಳಿಯಲು ಇಂಗ್ಲೆಂಡಿನ ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ ಮಾಡಿದ ಕೆಲಸವನ್ನು ನೋಡಬೇಕು. ‘ಅನಸ್ತೀಸಿಯಾ’ ಎಂಬ ಪತ್ರಿಕೆಗೆ 2017ರಿಂದ 2020ರವರೆಗೆ ಪ್ರಕಟಣೆಗಾಗಿ ಬಂದ 526 ಪ್ರಯೋಗಗಳನ್ನು ಅವರು ಪರಿಶೀಲಿಸಿ 2021ರಲ್ಲಿ ವರದಿ ಬರೆದರು. 153 ಪ್ರಯೋಗಗಳಲ್ಲಿ ಒಬ್ಬೊಬ್ಬ ರೋಗಿಯ ಬಿಡಿ ಅಂಕಿಗಳೂ ಅವರ ಕೈಗೆ ಸಿಕ್ಕಿದ್ದವು. ಅವುಗಳಲ್ಲಿ ಶೇಕಡ 44ರಲ್ಲಿ ಸುಳ್ಳು ಅಂಕಿಗಳು ಕಂಡವು. ಮಿಕ್ಕವುಗಳಲ್ಲಿ ಸಾರಾಂಶದ ಕೋಷ್ಟಕ ಮಾತ್ರವಿತ್ತು. ಅಲ್ಲಿ ಅವರಿಗೆ ಸುಳ್ಳು ಕಂಡದ್ದು ಶೇಕಡ 2ರಲ್ಲಿ ಮಾತ್ರ. ಬಿಡಿ ಅಂಕಿಗಳನ್ನು ಕೇಳಿದ್ದು ಅನುಮಾನ ಬಂದ ಪ್ರಯೋಗಗಳಿಂದ ಮತ್ತು ಆಮೇಲೆ ಕೆಲವು ದೇಶಗಳ ಪ್ರಯೋಗಗಳಿಂದ. ಆದ್ದರಿಂದ ಜಗತ್ತಿನ ಅರ್ಧ ಸಂಶೋಧನೆ ಸುಳ್ಳು ಎಂದು ಇದರಿಂದ ತೀರ್ಮಾನಿಸಬಾರದು. ಆದರೆ ಒಂದು ಪಾಠವನ್ನಂತೂ ಕಲಿಯಬಹುದು. ಪುಸ್ತಕ ತೆರೆದು ತೋರಿಸಿದರೆ ಸುಳ್ಳು ಕಾಣುತ್ತದೆ. ಮುಚ್ಚಿಟ್ಟು ಸಾರಾಂಶ ಮಾತ್ರ ಹೇಳಿದರೆ ಚಾಣಾಕ್ಷನ ಕಣ್ಣಿಗೂ ಕಾಣುವುದು ಕಷ್ಟ.

ಇಷ್ಟನ್ನು ಓದಿದ ಕೂಡಲೇ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ. “ನೋಡಿದಿರಾ, ಈ ಇಂಗ್ಲಿಷ್ ಔಷಧವೆಲ್ಲ ಮೋಸ. ಅದರ ಬದಲು ನಮ್ಮ ಕಷಾಯವೇ ಮೇಲು” ಎಂದು ಮಾತ್ರೆಯ ಡಬ್ಬಿಯನ್ನು ಆಚೆಗೆಸೆಯುವವರು ನಮ್ಮ ಬಂಧುಗಳಲ್ಲೇ ಇದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಈ ಮೋಸಗಳನ್ನು ಹಿಡಿದವರು ಯಾರೆಂದು ಸ್ವಲ್ಪ ಯೋಚಿಸಿ. ಹೊರಗಿನ ವಿರೋಧಿಗಳಲ್ಲ, ಅದೇ ಕ್ಷೇತ್ರದ ವೈದ್ಯರು, ಅದೇ ವಿಜ್ಞಾನದ ಲೆಕ್ಕದಿಂದ ಹಿಡಿದರು. ಬರೆದಿಟ್ಟ ಅಂಕಿಯೇ ಇಲ್ಲದ ಕಡೆ ಸುಳ್ಳನ್ನು ಹಿಡಿಯುವ ದಾರಿಯೂ ಇಲ್ಲ. ಕಷಾಯವೇ ಆಗಲಿ, ಮಾತ್ರೆಯೇ ಆಗಲಿ, ಎರಡಕ್ಕೂ ಒಂದೇ ಒರೆಗಲ್ಲು ಇರಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು ಇಬ್ಬರಿಗೂ ಸೇರಿಸಿಯೇ ಹೇಳಿದ್ದಾರೆ.

ಪ್ರಾಮಾಣಿಕ ಪ್ರಯೋಗ ಹೇಗಿರುತ್ತದೆ ಎಂಬುದಕ್ಕೂ ಇದೇ ಬಾಯಿ, ಮೂಳೆ, ನೋವುಗಳ ಕ್ಷೇತ್ರದಿಂದಲೇ ಉದಾಹರಣೆ ಕೊಡುತ್ತೇನೆ. ಸುಡ್ಬೊ ಅವರ ಸುಳ್ಳು ಲೇಖನ ಬಂದ ಅದೇ 2005ರಲ್ಲಿ, ಅದೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಬಾಯಿಯ ಕ್ಯಾನ್ಸರಿನ ಮೇಲೆಯೇ ನಮ್ಮ ನೆರೆಯ ಕೇರಳದಿಂದ ಒಂದು ಲೇಖನ ಬಂದಿತ್ತು. ಶಂಕರನಾರಾಯಣನ್ ಮತ್ತು ಸಂಗಡಿಗರು ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆಸಿದ ಕೆಲಸ ಅದು. 13 ಪಂಚಾಯಿತಿ ಪ್ರದೇಶಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿನ ಹಳ್ಳಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮೂರು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ, ಬಾಯಿ ತೆರೆಸಿ, ಬೆಳಕು ಬಿಟ್ಟು ನೋಡಿದರು. ಎರಡೂ ಪಾಲು ಸೇರಿ ಸುಮಾರು 1 ಲಕ್ಷ 90 ಸಾವಿರ ಜನ. ಕೊನೆಗೆ ಲೆಕ್ಕ ಹಾಕಿದಾಗ, ಬಾಯಿ ಪರೀಕ್ಷಿಸಿದ ಕಡೆ 77 ಮಂದಿ, ಪರೀಕ್ಷಿಸದ ಕಡೆ 87 ಮಂದಿ ಬಾಯಿಯ ಕ್ಯಾನ್ಸರಿನಿಂದ ಸತ್ತಿದ್ದರು. ಒಟ್ಟು ಜನರನ್ನು ತೆಗೆದುಕೊಂಡರೆ ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದು ಎಂದು ಅವರೇ ಬರೆದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಮಾತ್ರ ಸಾವು ಸುಮಾರು ಮೂರನೆಯ ಒಂದು ಪಾಲು ಇಳಿದಿದೆ, ಅದನ್ನು ಗಟ್ಟಿಯಾಗಿ ಹೇಳಬಹುದು ಎಂದರು. ಇಷ್ಟು ವರ್ಷ ಹಳ್ಳಿ ಸುತ್ತಿದ ಮೇಲೆ ‘ಎಲ್ಲರಿಗೂ ಲಾಭವಾಯಿತು’ ಎಂದು ಬರೆಯುವ ಆಸೆ ಯಾರಿಗಿರುವುದಿಲ್ಲ? ಕಂಡಷ್ಟನ್ನೇ ಬರೆದರು. ಆದ್ದರಿಂದಲೇ ಅಭ್ಯಾಸವಿರುವವರ ಬಾಯಿಯನ್ನು ತಪ್ಪದೆ ಪರೀಕ್ಷಿಸಬೇಕೆಂಬ ಅವರ ಮಾತಿಗೆ ಇಂದಿಗೂ ತೂಕವಿದೆ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ದಂತವೈದ್ಯರಿಗೆ ತೋರಿಸಿ ಎಂದು ನಾನು ನಿಮಗೆ ಧೈರ್ಯವಾಗಿ ಹೇಳುವೆ.

ಇನ್ನೊಂದು ಉದಾಹರಣೆ ಬೆನ್ನುಮೂಳೆಯದು. ಟೊಳ್ಳಾಗಿ ಕುಸಿದ ಬೆನ್ನೆಲುಬಿನ ಮಣಿಯೊಳಗೆ ಸೂಜಿಯಿಂದ ಒಂದು ಬಗೆಯ ಸಿಮೆಂಟನ್ನು ತುಂಬುವ ಚಿಕಿತ್ಸೆಯಿದೆ. ತುಂಬಿದ ಕೂಡಲೇ ನೋವು ಮಾಯವೆಂದು ಬಹಳ ವೈದ್ಯರು ನಂಬಿದ್ದರು. ರೋಗಿಗಳೂ ಹಾಗೆಯೇ ಹೇಳುತ್ತಿದ್ದರು. 2009ರ ಆಗಸ್ಟಿನಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂತು. ಒಂದು ಆಸ್ಟ್ರೇಲಿಯಾದಲ್ಲಿ 78 ಜನರ ಮೇಲೆ ನಡೆದದ್ದು, ಇನ್ನೊಂದು ಅಮೆರಿಕದ ನೇತೃತ್ವದಲ್ಲಿ 131 ಜನರ ಮೇಲೆ ನಡೆದದ್ದು. ಅರ್ಧದಷ್ಟು ಜನರಿಗೆ ನಿಜವಾಗಿ ಸಿಮೆಂಟು ತುಂಬಿದರು; ಉಳಿದವರಿಗೆ ಹುಸಿ ಚಿಕಿತ್ಸೆ. ಅವರ ಬೆನ್ನಿಗೂ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು, ಸಿಮೆಂಟಿನ ವಾಸನೆ ಕೋಣೆಯಲ್ಲಿ ಹರಡುವಂತೆ ಡಬ್ಬಿಯನ್ನೂ ತೆರೆದಿಟ್ಟರು, ಆದರೆ ಸಿಮೆಂಟು ತುಂಬಲಿಲ್ಲ. ಎಲ್ಲರೂ ಮೊದಲೇ ಒಪ್ಪಿಗೆ ಕೊಟ್ಟವರು; ಯಾರಿಗೆ ಯಾವುದು ಎಂಬುದು ಮಾತ್ರ ಗೊತ್ತಿರಲಿಲ್ಲ. ತಿಂಗಳ ನಂತರ ನೋಡಿದರೆ ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ಸಮನಾಗಿ ಇಳಿದಿತ್ತು! ಎಲ್ಲರೂ ಎಳೆದಿಟ್ಟಿದ್ದ ಗೆರೆಯನ್ನು ಬದಿಗಿಟ್ಟು ಮೊದಲು ಚುಕ್ಕೆ ನೋಡಿದ್ದರಿಂದ ಬಂದ ಅರಿವು ಇದು.

ಗೆರೆಯಿಂದಾಚೆ ಬಿದ್ದ ಚುಕ್ಕೆಯ ವಿಷಯ ಬಂದಾಗ ನನಗೆ ಒಬ್ಬ ವಿದ್ಯಾರ್ಥಿನಿ ನೆನಪಾಗುತ್ತಾಳೆ. ಅವಳ ನಕ್ಷೆಯಲ್ಲಿ ನಾಲ್ಕು ಚುಕ್ಕೆಗಳು ಸರಿಯಾಗಿದ್ದವು, ಐದನೆಯದು ಗೆರೆಯಿಂದ ಜಾರಿತ್ತು. ಪಕ್ಕದವರು ಅಳಿಸಿಬಿಡು ಎಂದರೂ ಅವಳು ಅಳಿಸಲಿಲ್ಲ. “ಸಾರ್, ಮೀಟರಿನಲ್ಲಿ ಹೀಗೇ ಇತ್ತು” ಎಂದು ತಂದು ತೋರಿಸಿದಳು. ಹೋಗಿ ನೋಡಿದರೆ ಪ್ರವಾಹ ಹೆಚ್ಚಾಗಿ ತಂತಿ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಬಿಸಿಯಾದ ತಂತಿಯ ನಿರೋಧ ಹೆಚ್ಚುತ್ತದೆ. ಆದ್ದರಿಂದ ಪ್ರವಾಹ ನಿರೀಕ್ಷೆಗಿಂತ ಕಡಿಮೆ ಬಂದಿತ್ತು. ಓಮ್‌ನ ನಿಯಮದಲ್ಲಿ ‘ತಾಪ ಸ್ಥಿರವಾಗಿದ್ದಾಗ’ ಎಂಬ ಮಾತು ಏಕಿದೆಯೆಂದು ಇಡೀ ತರಗತಿಗೆ ಅಂದು ಆ ಒಂದು ಚುಕ್ಕೆಯಿಂದ ತಿಳಿಯಿತು. ಪೂರ್ಣ ಅಂಕ ಸಿಕ್ಕಿದ್ದು ಅವಳಿಗೆ.

ಮೂಳೆ ಔಷಧದ ವಿಷಯದಲ್ಲೂ ಹೀಗೆಯೇ ಆಯಿತು. ಬಿಸ್‌ಫಾಸ್ಫೊನೇಟ್ ಎಂಬ ವರ್ಗದ ಔಷಧಗಳು ಮೂಳೆ ಮುರಿತವನ್ನು ತಗ್ಗಿಸುತ್ತವೆ ಎಂಬುದು ಬೇರೆ ಬೇರೆ ಪ್ರಾಮಾಣಿಕ ಪ್ರಯೋಗಗಳಿಂದ ದೃಢಪಟ್ಟಿದೆ. ಆದರೆ 2003ರಲ್ಲಿ ಅಮೆರಿಕದ ಮಯಾಮಿಯ ಬಾಯಿ ಶಸ್ತ್ರಚಿಕಿತ್ಸಕ ರಾಬರ್ಟ್ ಮಾರ್ಕ್ಸ್ ಈ ವರ್ಗದ ಔಷಧವನ್ನು ಪಡೆಯುತ್ತಿದ್ದ 36 ರೋಗಿಗಳ ವಿಷಯ ಬರೆದರು. ಅವರ ದವಡೆಯ ಮೂಳೆ ಬಯಲಾಗಿ, ಮಾಯದೆ, ಸತ್ತುಹೋಗುತ್ತಿತ್ತು. ಗೆರೆಯಿಂದಾಚೆ ಬಿದ್ದ 36 ಚುಕ್ಕೆಗಳು. ಅವನ್ನು ಅಳಿಸದೆ ಇಟ್ಟಿದ್ದರಿಂದ ಇಂದು ನಮಗೆ ತಿಳಿದಿರುವುದೇನು? ಕ್ಯಾನ್ಸರಿಗೆಂದು ಇದನ್ನು ಹೆಚ್ಚು ಪ್ರಮಾಣದಲ್ಲಿ ರಕ್ತನಾಳದ ಮೂಲಕ ಪಡೆಯುವವರಲ್ಲಿ ಈ ತೊಂದರೆ ಹೆಚ್ಚು. ಮೂಳೆ ಟೊಳ್ಳಾದುದಕ್ಕೆ ಮಾತ್ರೆ ನುಂಗುವವರಲ್ಲಿ ಬಹಳ ವಿರಳ. ಆದ್ದರಿಂದ ಚಿಕ್ಕಮ್ಮಂದಿರೇ, ಅತ್ತಿಗೆಯರೇ, ಇದನ್ನು ಓದಿ ಗಾಬರಿಗೊಂಡು ಅಲೆಂಡ್ರೊನೇಟ್ ಮಾತ್ರೆಯನ್ನು ನಿಲ್ಲಿಸಬೇಡಿ. ಹಲ್ಲು ಕೀಳಿಸುವ ಮುನ್ನ, ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆಂದು ದಂತವೈದ್ಯರಿಗೆ ಹೇಳಿ. ಹಲ್ಲಿನ ದುರಸ್ತಿ ಬಾಕಿಯಿದ್ದರೆ ಆದಷ್ಟೂ ಮಾತ್ರೆ ಶುರುಮಾಡುವ ಮುನ್ನವೇ ಮುಗಿಸಿಕೊಳ್ಳಿ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ರೋಗಿಗಳ ಮೇಲೆ ನಡೆಸುವ ಯಾವ ಪ್ರಯೋಗವೇ ಆಗಲಿ, ರೋಗಿಯ ಹೆಸರು ವಿಳಾಸಗಳನ್ನು ಮರೆಮಾಡಿ, ಒಬ್ಬೊಬ್ಬರ ಬಿಡಿ ಅಂಕಿಗಳನ್ನು ಪರಿಶೀಲನೆಗೆ ಒಪ್ಪಿಸಬೇಕು. ಒಪ್ಪಿಸದ ಪ್ರಯೋಗವನ್ನು ಚಿಕಿತ್ಸೆಯ ಮಾರ್ಗಸೂಚಿಗಳ ಲೆಕ್ಕಕ್ಕೆ ಸೇರಿಸಬಾರದು. ಇದರಿಂದ ಕೆಲಸ ನಿಧಾನವಾಗುತ್ತದೆ, ಖರ್ಚು ಹೆಚ್ಚುತ್ತದೆ, ರೋಗಿಯ ಗುಟ್ಟು ಬಯಲಾಗುವ ಭಯವಿದೆ ಎಂಬ ಆಕ್ಷೇಪಗಳಿವೆ. ಕಡೆಯ ಆಕ್ಷೇಪ ಗಂಭೀರವಾದದ್ದು. ಅದಕ್ಕೆ ತಕ್ಕ ಎಚ್ಚರ ವಹಿಸಲೇಬೇಕು. ಮಿಕ್ಕ ಎರಡಕ್ಕೆ ನನ್ನ ಉತ್ತರವಿಷ್ಟೆ: ಹತ್ತನೆಯ ತರಗತಿಯ ಉತ್ತರಪತ್ರಿಕೆಯನ್ನೇ ಮರುಎಣಿಕೆಗೆ ಕೇಳಿ ಪಡೆಯುವ ನಾಡು ನಮ್ಮದು. ಒಬ್ಬ ಹುಡುಗನ ಎರಡು ಅಂಕಕ್ಕೆ ಇರುವ ಮರುಪರಿಶೀಲನೆ ಸಾವಿರಾರು ಜನರ ಸೊಂಟದ ಮೂಳೆಗೆ ಬೇಡವೇ?

ನಮ್ಮಲ್ಲಿ ಒಂದು ಒಳ್ಳೆಯ ಹೆಜ್ಜೆ ಈಗಾಗಲೇ ಆಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 2007ರ ಜುಲೈನಲ್ಲಿ ಔಷಧ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಪುಸ್ತಕ ಆರಂಭವಾಯಿತು. ಔಷಧ ಪ್ರಯೋಗಗಳನ್ನು ಅದರಲ್ಲಿ ನೋಂದಾಯಿಸುವುದು 2009ರ ಜೂನ್ 15ರಿಂದ ಕಡ್ಡಾಯವಾಯಿತು. ಎಷ್ಟು ಜನರ ಮೇಲೆ, ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದಿಟ್ಟರೆ ಆಮೇಲೆ ಗುರಿ ಬದಲಾಯಿಸುವಂತಿಲ್ಲ. ಅದು ಎಲ್ಲರಿಗೂ ತೆರೆದಿದೆ, ಅಂತರಜಾಲದಲ್ಲಿ ನೀವೂ ನೋಡಬಹುದು. ಆದರೆ ನೋಂದಣಿಯೆಂದರೆ ಹಾಜರಿ ಪುಸ್ತಕವಿದ್ದಂತೆ; ಉತ್ತರಪತ್ರಿಕೆಯನ್ನೂ ನೋಡಬೇಕು.

ದಂತವೈದ್ಯಕೀಯ ಕಾಲೇಜುಗಳಲ್ಲಿ ಸ್ನಾತಕೋತ್ತರ ಪ್ರಬಂಧ ಬರೆಯುತ್ತಿರುವ ನನ್ನ ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಹೊಸ ಮರಗಟ್ಟಿಸುವ ಔಷಧ ಹಳೆಯದಕ್ಕಿಂತ ಮೇಲಲ್ಲ ಎಂದು ನಿಮ್ಮ ಅಂಕಿ ಹೇಳಿದರೆ ಹಾಗೆಯೇ ಬರೆಯಿರಿ. ಮಾರ್ಗದರ್ಶಕರು ಮುಖ ಸಿಂಡರಿಸಬಹುದು. ಪ್ರಬಂಧಕ್ಕೆ ಬಹುಮಾನ ಬರದಿರಬಹುದು. ಆದರೆ ಮುಂದೆ ನಿಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಕಣ್ಣು ಮುಚ್ಚಿ ಕೂರುವವರು ನಿಮ್ಮ ತಾಯಿಯ ವಯಸ್ಸಿನವರು. ಅವರಿಗೆ ಪ್ರಶ್ನೆ ಕೇಳಲು ಬಾರದು.

ಈಗ ಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತಿರುವ ಕಿರಿಯ ಸಹೋದ್ಯೋಗಿಗಳೂ ಇದನ್ನು ಓದುತ್ತೀರಿ. ಪ್ರಯೋಗದ ಅಂಕವನ್ನು ‘ಸರಿಯಾದ’ ಉತ್ತರಕ್ಕೆ ಕೊಡಬೇಡಿ, ಮೀಟರಿನಲ್ಲಿ ಕಂಡದ್ದನ್ನು ಬರೆದುದಕ್ಕೆ ಕೊಡಿ. ಉತ್ತರ ಬೇರೆ ಬಂದಿದ್ದರೆ ಏಕೆ ಬಂತೆಂದು ಕೇಳಿ. ಮುಂದಿನ ವಾರ ಪ್ರಯೋಗಶಾಲೆಗೆ ಹೋದಾಗ ಮಕ್ಕಳ ಕೈಯಿಂದ ಅಡಿಪಟ್ಟಿಯನ್ನು ಮೊದಲು ಪಡೆದಿಟ್ಟುಕೊಳ್ಳಿ. ಚುಕ್ಕೆಗಳೆಲ್ಲ ಬಿದ್ದ ಮೇಲೆ ವಾಪಸು ಕೊಟ್ಟರಾಯಿತು. ಏನಾಯಿತೆಂದು ನನಗೂ ಬರೆದು ತಿಳಿಸಿ.